ರೆಡ್‌ಬ್ರೆಸ್ಟ್ 12 ಬಾಟಲ್ ತೆಗೆದು ನಾಲ್ಕು ದಿನ ಆಯಿತು, ಉರಿ ಬಿಟ್ಟರೆ ಬೇರೇನೂ ಗೊತ್ತಾಗುತ್ತಿಲ್ಲ

ಮಂಡಕ್ಕಿ_ಮಿರ್ಚಿ

ಎಲ್ಲರಿಗೂ ನಮಸ್ಕಾರ. ಡಬ್ಲಿನ್‌ಗೆ ಬಂದು ಎರಡು ವರ್ಷ ಆಯಿತು, ಊರು ದಾವಣಗೆರೆ. ಹೋದ ವಾರ ಆಫೀಸಿನಲ್ಲಿ ಬೇರೆ ಟೀಮ್‌ಗೆ ಹೋದೆ, ಹಳೇ ಟೀಮಿನವರೆಲ್ಲ ದುಡ್ಡು ಹಾಕಿ ಒಂದು ಬಾಟಲ್ ಕೊಟ್ಟರು. ರೆಡ್‌ಬ್ರೆಸ್ಟ್ ಅನ್ನುವ ಐರಿಷ್ ವಿಸ್ಕಿ, 12 ವರ್ಷದ್ದು. ಕೊಡುವಾಗ ಅವರಲ್ಲೊಬ್ಬ, ಇಲ್ಲಿಯವನೇ, "ಇದಕ್ಕೆ ಕೋಕ್ ಹಾಕಿದೆ ಅಂತ ಗೊತ್ತಾದರೆ ವಾಪಸ್ ಇಸ್ಕೊಂಡು ಹೋಗ್ತೀನಿ" ಅಂದ. ತಮಾಷೆಗೇ ಅಂದಿದ್ದು, ಆದರೆ ಮುಖದಲ್ಲಿ ನಗು ಸ್ವಲ್ಪ ಕಡಿಮೆ ಇತ್ತು.

ನನ್ನ ಅನುಭವ ಹೇಳಿಬಿಡುತ್ತೇನೆ, ಮುಚ್ಚಿಡುವುದೇನಿದೆ. ಬೆಂಗಳೂರಿನ ಪಿಜಿಯಲ್ಲಿದ್ದಾಗ ಸ್ಟೀಲ್ ಲೋಟ, ಅರ್ಧ ಸೋಡಾ, ಅರ್ಧ ನೀರು, ಪಕ್ಕದಲ್ಲಿ ಖಾರದ ಕಡಲೆಬೀಜ. ರುಚಿ ನೋಡುವ ಮಾತೇ ಇರಲಿಲ್ಲ, ಆದಷ್ಟು ಬೇಗ ಗಂಟಲು ದಾಟಿಸಿದರೆ ಸಾಕಿತ್ತು.

ಇದನ್ನಾದರೂ ಸರಿಯಾಗಿ ಕುಡಿಯೋಣ ಅಂತ ಹೊರಟೆ. ಮೊದಲ ದಿನ ಲೋಟದೊಳಗೆ ಮೂಗು ಇಟ್ಟು ಜೋರಾಗಿ ಉಸಿರು ಎಳೆದೆ. ಕಣ್ಣಲ್ಲಿ ನೀರು ಬಂತು, ನೇಲ್ ಪಾಲಿಶ್ ಸೀಸೆ ಮೂಸಿದ ಹಾಗಾಯಿತು. ಎರಡನೇ ದಿನ ಐಸ್ ಹಾಕಿದೆ, ಇದ್ದ ವಾಸನೆಯೂ ಹೋಯಿತು. ಮೂರನೇ ದಿನ ಮಿರ್ಚಿ ಕರಿದುಕೊಂಡು ಅದರ ಜೊತೆ ಕುಡಿದೆ, ಆ ಕಥೆ ಬೇಡ ಬಿಡಿ. ನಿನ್ನೆ ಏನೂ ಬೆರೆಸದೆ ಕುಡಿದು ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಬರೆದಿದ್ದು ಇಷ್ಟೇ: "ಉರಿ. ಸಿಹಿ. ಮತ್ತೆ ಉರಿ."

ನೆಟ್‌ನಲ್ಲಿ ಇದರ ಬಗ್ಗೆ ಬರೆದವರೆಲ್ಲ ಕ್ರಿಸ್‌ಮಸ್ ಕೇಕ್ ಅನ್ನುತ್ತಾರೆ, ಮಾರ್ಜಿಪಾನ್ ಅನ್ನುತ್ತಾರೆ. ಮಾರ್ಜಿಪಾನ್ ಅಂದರೆ ಏನು ಅಂತ ನಾನು ಹುಡುಕಿ ನೋಡಬೇಕಾಯಿತು. ಬಾದಾಮಿ, ಸಕ್ಕರೆ ಅರೆದು ಮಾಡುವ ಮಿಠಾಯಿಯಂತೆ.

ಕೇಳಬೇಕಾದದ್ದು ಇಷ್ಟು. ರುಚಿ ನೋಡುವುದನ್ನು ನಿಜವಾಗಲೂ ಕಲಿಯಬಹುದಾ, ಇಲ್ಲಾ ಇವರೆಲ್ಲ ಸುಮ್ನೆ ಬರೆಯುತ್ತಾರಾ? ಲೇಬಲ್ ಮೇಲೆ ಸಿಂಗಲ್ ಪಾಟ್ ಸ್ಟಿಲ್ ಅಂತ ಇದೆ, ಏನದು? ಅಂಗಡಿಯಲ್ಲಿ 70 ಯೂರೋ ಆಸುಪಾಸು ಇದೆ, ಅಷ್ಟು ಕೊಡುವಂಥದ್ದು ಇದರಲ್ಲಿ ಏನಿದೆ? ಡಿಸೆಂಬರ್‌ನಲ್ಲಿ ಊರಿಗೆ ಹೋಗುವಾಗ ಭಾವನಿಗೆ ಒಂದು ಒಯ್ಯೋಣ ಅಂತಿದ್ದೇನೆ, ಅದಕ್ಕೇ ಕೇಳುತ್ತಿದ್ದೇನೆ.

ಕಾರ್ಕ್_ಕಾಕಾ

ನೋಡು ತಮ್ಮಾ, ನಿನ್ನ ಮೂರು ಮಾತಿನ ಟಿಪ್ಪಣಿ ಕೆಟ್ಟದ್ದೇನಲ್ಲ. ಕೆಲಸ ಅರ್ಧಕ್ಕೆ ನಿಂತಿದೆ ಅಷ್ಟೇ. ಉರಿ ಎಲ್ಲಿ ಬಂತು? ತುದಿ ನಾಲಿಗೆಯಲ್ಲೋ, ದವಡೆ ಪಕ್ಕದಲ್ಲೋ, ಗಂಟಲಲ್ಲೋ? ಸಿಹಿ ಬಂದಾಗ ಅದು ಸಕ್ಕರೆ ಥರವೋ, ಬೆಲ್ಲದ ಥರವೋ, ಒಣದ್ರಾಕ್ಷಿ ಥರವೋ? ಎರಡನೇ ಉರಿ ಮೊದಲನೆಯದರ ಥರವೇ ಇತ್ತಾ, ಇಲ್ಲಾ ಶುಂಠಿ ಕಚ್ಚಿದ ಹಾಗಿತ್ತಾ? ಈ ಪ್ರಶ್ನೆ ಕೇಳಿಕೊಳ್ಳುವುದನ್ನೇ ಟೇಸ್ಟಿಂಗ್ ಅನ್ನುವುದು. ಹೊಸ ನಾಲಿಗೆ ಬೇಕಿಲ್ಲ.

ನಾನು ಹುಬ್ಬಳ್ಳಿಯವನು, ಐರ್ಲೆಂಡಿನದೇ ಕಾರ್ಕ್ ಊರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ನಿನ್ನ ಬಾಟಲ್ ಹುಟ್ಟಿದ ಮಿಡಲ್‌ಟನ್ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ ಕೂಡ ಇಲ್ಲ. ನಾನು ಮಾಡುವ ಕ್ರಮ ಹೇಳುತ್ತೇನೆ, ಬೇಕಾದ್ದು ತಗೋ, ಬೇಡದ್ದು ಬಿಡು.

ಮೊದಲು ಆ ಮಿರ್ಚಿ ಬಿಡು. ಖಾರ ತಿಂದ ನಾಲಿಗೆಗೆ ಎರಡು ಗಂಟೆ ಬೇರೆ ಏನೂ ಕೇಳಿಸುವುದಿಲ್ಲ. ಹಾಗಂತ ಬರೀ ಹೊಟ್ಟೆಯಲ್ಲೂ ಕೂರಬೇಡ. ನಾನು ಸಂಜೆ ನಾಲ್ಕಕ್ಕೆ ಏನಾದರೂ ಸಪ್ಪೆ ತಿಂದು ಆರಕ್ಕೆ ಕೂರುತ್ತೇನೆ. 25 ಎಂಎಲ್ ಸಾಕು. ಬಾಯಿ ಚಿಕ್ಕದಾಗಿ ಹೊಟ್ಟೆ ದಪ್ಪಗಿರುವ ಗಾಜಿನ ಲೋಟ ಬೇಕು, ಗ್ಲೆನ್‌ಕೇರ್ನ್ ಅಂತ ಸಿಗುತ್ತದೆ, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಆದೀತು. ಸುರಿದು ಹತ್ತು ಹದಿನೈದು ನಿಮಿಷ ಮುಟ್ಟಬೇಡ. ನಿನಗೆ ಕಣ್ಣೀರು ತರಿಸಿದ ಮೊದಲ ಘಾಟು ಅಷ್ಟರಲ್ಲಿ ಹಾರಿಹೋಗಿರುತ್ತದೆ.

ಮೂಗನ್ನು ಒಳಗೆ ತುರುಕಬಾರದು. ಲೋಟವನ್ನು ಗಲ್ಲದ ಹತ್ತಿರ ಹಿಡಿ, ಬಾಯಿ ಒಂದಿಷ್ಟು ತೆರೆದಿರಲಿ, ಮೆಲ್ಲಗೆ ಉಸಿರು ತಗೋ, ಆಮೇಲೆ ನಿಧಾನಕ್ಕೆ ಮೇಲೆ ತಾ. ಬಾಯಿ ತೆರೆದಿದ್ದರೆ ಆಲ್ಕೋಹಾಲ್ ಹೊಡೆತ ಕಡಿಮೆ. ವೈನ್ ಥರ ಗರಗರ ತಿರುಗಿಸಬೇಡ, ತಿರುಗಿಸಿದರೆ ಮತ್ತೆ ಬರೀ ಘಾಟೇ ಮೇಲೆ ಬರುತ್ತದೆ. ಮೂಸಿ, ಲೋಟ ಕೆಳಗಿಟ್ಟು, ಕಿಟಕಿ ಕಡೆ ನೋಡು, ಮತ್ತೆ ಮೂಸು. ಮೂರನೇ ಸಲಕ್ಕೆ ಏನಾದರೂ ನೆನಪಾಗುತ್ತದೆ, ವಾಸನೆಯ ಹೆಸರು ಬರದಿದ್ದರೂ ಯಾರದೋ ಮನೆ, ಯಾವುದೋ ಅಂಗಡಿ ನೆನಪಾಗುತ್ತದೆ. ಅದನ್ನೇ ಬರಿ.

ಮೊದಲ ಗುಟುಕಿಗೆ ಮಾರ್ಕ್ಸ್ ಕೊಡಬಾರದು, ಅದು ನಾಲಿಗೆಗೆ ಸುದ್ದಿ ಮುಟ್ಟಿಸಲು. ಎರಡನೆಯದನ್ನು ಬಾಯಲ್ಲಿ ಇಟ್ಟುಕೊಂಡು ಅಗಿ. ಹೌದು, ಅಗಿ, ಅನ್ನದ ಥರ. ಈ ವಿಸ್ಕಿಯಲ್ಲಿ ನೋಡಬೇಕಾದದ್ದು ಇಲ್ಲೇ ಇದೆ. ರುಚಿ ಪಕ್ಕಕ್ಕಿಡು, ಬಾಯಲ್ಲಿ ಅದು ಹೇಗೆ ಕೂತಿದೆ ಅಂತ ನೋಡು. ನೀರಿನ ಹಾಗೆ ಜಾರುವುದಿಲ್ಲ. ಬೆಣ್ಣೆ ಮುಟ್ಟಿದ ಬೆರಳನ್ನು ಇನ್ನೊಂದು ಬೆರಳಿಗೆ ಉಜ್ಜಿದರೆ ಹೇಗಿರುತ್ತದೆ, ಆ ಥರದ ಜಿಡ್ಡು. ಒಳ್ಳೇ ಜಿಡ್ಡು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡು, ಎಷ್ಟು ಹೊತ್ತು ವಾಸನೆ ಬರುತ್ತದೆ ಎಣಿಸು.

ಆಮೇಲೆ ನೀರು, ಚಮಚದಲ್ಲಿ, ಅರ್ಧ ಚಮಚ ಹಾಕಿ ಮೊದಲಿಂದ ಶುರು. ಇದು ಶೇಕಡಾ 40ರದ್ದೇ, ಜಾಸ್ತಿ ನೀರು ಹಾಕಿದರೆ ತೆಳ್ಳಗಾಗಿಬಿಡುತ್ತದೆ.

ಇನ್ನೊಂದು. ರಾತ್ರಿ ಲೋಟ ತೊಳೆಯಬೇಡ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಖಾಲಿ ಲೋಟ ಮೂಸು. ಆಲ್ಕೋಹಾಲ್ ಎಲ್ಲ ಹೋಗಿ ಬರೀ ಮರ ಮತ್ತು ಧಾನ್ಯದ ವಾಸನೆ ಉಳಿದಿರುತ್ತದೆ. ನನ್ನ ಹೆಂಡತಿಗೆ ಇದು ಹುಚ್ಚಿನ ಹಾಗೆ ಕಾಣುತ್ತದೆ, ಇರಲಿ.

ಬೇವುಬೆಲ್ಲ

ಕಾಕಾ ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಮಾಡಿದರೆ ಒಂದು ಪೆಗ್ ಮುಗಿಸುವ ಹೊತ್ತಿಗೆ ಬೆಳಗಾಗುತ್ತದೆ.

ನಾವು ನಾಲ್ಕು ಜನ ಹೋದ ವರ್ಷ ಕಣ್ಣು ಮುಚ್ಚಿ ಪರೀಕ್ಷೆ ಮಾಡಿದೆವು. ಅಂದರೆ ಕಣ್ಣು ಮುಚ್ಚಲಿಲ್ಲ, ಲೋಟದ ಅಡಿಗೆ ಚೀಟಿ ಅಂಟಿಸಿದೆವು. ಒಂದರಲ್ಲಿ ಸಾದಾ ಜೇಮ್ಸನ್ (ಇದೂ ಐರಿಷ್ ವಿಸ್ಕಿಯೇ), ಒಂದರಲ್ಲಿ ರೆಡ್‌ಬ್ರೆಸ್ಟ್ 12, ಮೂರನೆಯದರಲ್ಲಿ ಸೂಪರ್‌ಮಾರ್ಕೆಟ್‌ನ ಕಡಿಮೆ ಬೆಲೆಯದು. ಇಬ್ಬರಿಗೆ ಜೇಮ್ಸನ್ನೇ ಹಿಡಿಸಿತು. ಒಬ್ಬ ಕಡಿಮೆ ಬೆಲೆಯದನ್ನು ಮೂಸಿ, ಇದರಲ್ಲಿ ಷೆರ್ರಿ ವೈನ್ ಇಟ್ಟಿದ್ದ ಪೀಪಾಯಿಯ ಗುಣ ಎದ್ದು ಕಾಣುತ್ತದೆ ಅಂತ ಎರಡು ನಿಮಿಷ ಭಾಷಣ ಮಾಡಿದ. ಚೀಟಿ ತಿರುಗಿಸಿದ ಮೇಲೆ ಅವನ ಮುಖ ನೋಡಬೇಕಿತ್ತು.

ಬಾಟಲ್ ಚಂದ, ಲೇಬಲ್ ಮೇಲೆ ಹಕ್ಕಿ ಚಂದ, 70 ಯೂರೋ ಅಂತ ಮೊದಲೇ ತಲೆಯಲ್ಲಿ ಕೂತಿರುತ್ತದೆ. ಆಮೇಲೆ ನಾಲಿಗೆ ಬೇರೆ ಏನು ಹೇಳೀತು? ಎಲ್ಲರೂ "ಸ್ಮೂತ್" ಅನ್ನುತ್ತಾರಲ್ಲ, ಆ ಪದಕ್ಕೆ ಅರ್ಥವೇ ಇಲ್ಲ. ನೀರು ಅದಕ್ಕಿಂತ ಸ್ಮೂತ್.

ತಾಮ್ರದ_ಹಂಡೆ

ಬೇವುಬೆಲ್ಲ ಅವರೇ, "ಸ್ಮೂತ್" ವಿಷಯದಲ್ಲಿ ನಿಮಗೇ ನನ್ನ ಓಟು. ಐರಿಷ್ ವಿಸ್ಕಿ ಮಾರುವವರು ಆ ಒಂದು ಪದದ ಮೇಲೆ ಐವತ್ತು ವರ್ಷ ಬದುಕಿದ್ದಾರೆ. ಆದರೆ ರೆಡ್‌ಬ್ರೆಸ್ಟ್ ವಿಷಯದಲ್ಲಿ ಆ ಪದ ಸರಿ ಕೂರುವುದೇ ಇಲ್ಲ, ಯಾಕೆಂದರೆ ಇದು ನುಣುಪಾಗಿರಲಿ ಅಂತ ಮಾಡಿದ ವಿಸ್ಕಿ ಅಲ್ಲ. ಕೇಳಿದವರ ಎರಡನೇ ಪ್ರಶ್ನೆಗೆ ಉತ್ತರವೂ ಅದರಲ್ಲೇ ಇದೆ, ಸ್ವಲ್ಪ ಉದ್ದ ಆಗುತ್ತದೆ.

ರಾಗಿ ಮಾಲ್ಟ್ ಎಲ್ಲರೂ ಕುಡಿದಿರುತ್ತೀರಿ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುತ್ತಾರೆ. ಮೊಳಕೆ ಬರದ ರಾಗಿ ಹಿಟ್ಟಿಗಿಂತ ಅದು ಸಿಹಿ, ಹಗುರ. ಬಾರ್ಲಿಗೂ ಅದೇ ಕಥೆ. ಮೊಳಕೆ ಬರಿಸಿದ ಬಾರ್ಲಿಯೇ ಮಾಲ್ಟ್. ಬರೀ ಮಾಲ್ಟ್‌ನಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡಿದರೆ ಸಿಂಗಲ್ ಮಾಲ್ಟ್. ಐರ್ಲೆಂಡಿನವರು ಮೊಳಕೆ ಬಂದದ್ದರ ಜೊತೆ ಮೊಳಕೆ ಬರದ ಹಸಿ ಬಾರ್ಲಿಯನ್ನೂ ಸೇರಿಸಿ ತಾಮ್ರದ ಪಾತ್ರೆಯಲ್ಲಿ ಭಟ್ಟಿ ಇಳಿಸಿದರು, ಅದೇ ಪಾಟ್ ಸ್ಟಿಲ್. ಈಗಿನ ನಿಯಮದಲ್ಲಿ ಎರಡೂ ಕನಿಷ್ಠ ಶೇಕಡಾ 30 ಇರಲೇಬೇಕು. ಓಟ್ಸ್, ರೈ ಥರದ ಬೇರೆ ಧಾನ್ಯವನ್ನೂ ಒಂದು ಮಿತಿಯೊಳಗೆ ಹಾಕಬಹುದು.

ಈ ಬೆರಕೆಗೆ ರುಚಿ ಕಾರಣ ಅಲ್ಲ, ತೆರಿಗೆ. 1785ರಲ್ಲಿ ಮಾಲ್ಟ್ ಮೇಲೆ ತೆರಿಗೆ ಬಿತ್ತು. ತೆರಿಗೆ ಮಾಲ್ಟ್‌ಗೆ ತಾನೇ, ಹಸಿ ಬಾರ್ಲಿಗೆ ಇಲ್ಲವಲ್ಲ ಅಂತ ಅದನ್ನು ಸೇರಿಸಿ ಮಾಲ್ಟ್ ಕಡಿಮೆ ಮಾಡಿದರು. ದುಡ್ಡು ಉಳಿಸಲು ಹಾಕಿದ ಆ ಹಸಿ ಧಾನ್ಯವೇ ಕಾಕಾ ಹೇಳಿದ ಜಿಡ್ಡನ್ನೂ, ಒಂದು ಥರ ಮೆಣಸು ಶುಂಠಿಯ ಖಾರವನ್ನೂ ತಂದುಕೊಟ್ಟಿತು. ಜನಕ್ಕೆ ಅದೇ ಹಿಡಿಸಿತು. ನೀವು ಬರೆದ ಎರಡನೇ "ಉರಿ" ಇದೆಯಲ್ಲ, ಅದರಲ್ಲಿ ಅರ್ಧ ಈ ಬಾರ್ಲಿ ಖಾರವೇ ಇರಬೇಕು.

ಹಾಗಾದರೆ ಜೇಮ್ಸನ್ ಯಾಕೆ ಹಗುರ? ಜೇಮ್ಸನ್‌ನಲ್ಲೂ ಇದೇ ಮಿಡಲ್‌ಟನ್‌ನ ಪಾಟ್ ಸ್ಟಿಲ್ ಇದೆ, ಆದರೆ ಅದಕ್ಕೆ ಮೆಕ್ಕೆಜೋಳದಂಥ ಧಾನ್ಯದಿಂದ ಮಾಡಿದ ಹಗುರವಾದ ಗ್ರೇನ್ ವಿಸ್ಕಿ ಬೆರೆಸುತ್ತಾರೆ. ಗ್ರೇನ್ ವಿಸ್ಕಿ ಮಾಡುವ ಎತ್ತರದ ಕಾಲಮ್ ಸ್ಟಿಲ್ ಇದೆಯಲ್ಲ, ಅದಕ್ಕೆ 1830ರಲ್ಲಿ ಪೇಟೆಂಟ್ ಪಡೆದವನು ಏನಿಯಸ್ ಕಾಫಿ, ಐರ್ಲೆಂಡಿನಲ್ಲೇ ಅಬಕಾರಿ ಅಧಿಕಾರಿಯಾಗಿದ್ದವನು. ಡಬ್ಲಿನ್ನಿನ ದೊಡ್ಡ ಕುಳಗಳು, ಇದರಲ್ಲಿ ಬರುವುದು ವಿಸ್ಕಿಯೇ ಅಲ್ಲ ಅಂತ ಮೂಗು ಮುರಿದವು. ಸ್ಕಾಟ್ಲೆಂಡಿನವರು ಅದನ್ನು ಎತ್ತಿಕೊಂಡು ಹೋಗಿ, ಬ್ಲೆಂಡ್ ಮಾಡಿ, ಜಗತ್ತಿಗೆಲ್ಲ ಮಾರಿದರು. ಆಮೇಲೆ ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ, ಆ ಮಾರುಕಟ್ಟೆಯೂ ಕೈತಪ್ಪಿತು. 1970ರ ದಶಕದ ಕೊನೆಯ ಹೊತ್ತಿಗೆ ಇಡೀ ದ್ವೀಪದಲ್ಲಿ ನಡೆಯುತ್ತಿದ್ದದ್ದು ಮಿಡಲ್‌ಟನ್ ಮತ್ತು ಉತ್ತರದ ಬುಷ್‌ಮಿಲ್ಸ್, ಎರಡೇ ಡಿಸ್ಟಿಲರಿ. ಈಗ ಮತ್ತೆ ಹತ್ತಾರು ಆಗಿವೆ.

ರೆಡ್‌ಬ್ರೆಸ್ಟ್ ಈ ಕಷ್ಟದ ಕಾಲವನ್ನೆಲ್ಲ ಕಂಡದ್ದು. ಗಿಲ್ಬೀಸ್ ಅಂತ ವೈನ್ ವ್ಯಾಪಾರಿಗಳಿದ್ದರು. ಅವರಿಗೆ ಸ್ಪೇನಿನಿಂದ ಷೆರ್ರಿ ಪೀಪಾಯಿಯಲ್ಲಿ ಬರುತ್ತಿತ್ತು. ಖಾಲಿಯಾದ ಪೀಪಾಯಿಗೆ ಡಬ್ಲಿನ್ನಿನ ಬೋ ಸ್ಟ್ರೀಟ್‌ನ ಜೇಮ್ಸನ್ ಡಿಸ್ಟಿಲರಿಯ ಪಾಟ್ ಸ್ಟಿಲ್ ತುಂಬಿಸಿ, ತಮ್ಮ ಗೋದಾಮಿನಲ್ಲಿ ಇಟ್ಟು ಮಾರುತ್ತಿದ್ದರು. 1912ರಲ್ಲಿ ಅದಕ್ಕೆ ಎದೆ ಕೆಂಪಗಿರುವ ರಾಬಿನ್ ಹಕ್ಕಿಯ ಹೆಸರು ಬಂತು. 1971ರಲ್ಲಿ ಬೋ ಸ್ಟ್ರೀಟ್ ಮುಚ್ಚಿತು, 1975ರಲ್ಲಿ ಮಿಡಲ್‌ಟನ್‌ನಲ್ಲಿ ಹೊಸ ಡಿಸ್ಟಿಲರಿ ಶುರುವಾಯಿತು, 1991ರಲ್ಲಿ 12 ವರ್ಷದ ರೆಡ್‌ಬ್ರೆಸ್ಟ್ ಮತ್ತೆ ಮಾರುಕಟ್ಟೆಗೆ ಬಂತು. ಈಗಲೂ ಅಮೆರಿಕದ ಬರ್ಬನ್ ವಿಸ್ಕಿ ಇದ್ದ ಪೀಪಾಯಿ, ಒಲೊರೊಸೊ ಅನ್ನುವ ಬಗೆಯ ಷೆರ್ರಿ ಇದ್ದ ಪೀಪಾಯಿ ಎರಡೂ ಬಳಸುತ್ತಾರೆ. ಒಣಹಣ್ಣಿನ ಸಿಹಿ ಷೆರ್ರಿ ಪೀಪಾಯಿಯದು, ವೆನಿಲ್ಲಾ ವಾಸನೆ ಬರ್ಬನ್ ಪೀಪಾಯಿಯದು. ಕ್ರಿಸ್‌ಮಸ್ ಕೇಕ್ ಅನ್ನುವುದು ಇದಕ್ಕೇ.

ನನ್ನ ಹೆಸರು ನೋಡಿ ಕೆಲವರು ನಗುತ್ತಾರೆ. ಮಿಡಲ್‌ಟನ್‌ನ ಹಳೇ ಡಿಸ್ಟಿಲರಿಯಲ್ಲಿ 1825ರ ಒಂದು ತಾಮ್ರದ ಪಾತ್ರೆ ಇದೆ, 31,618 ಗ್ಯಾಲನ್ ಹಿಡಿಯುತ್ತದೆ. ಅದರ ಮುಂದೆ ನಿಂತಾಗ ನನಗೆ ಮೊದಲು ಹೊಳೆದದ್ದು ಅಜ್ಜಿ ಮನೆ ಬಚ್ಚಲಿನ ಹಂಡೆ, ಇದಕ್ಕೆ ಹುಣಸೆಹಣ್ಣು ಹಾಕಿ ಉಜ್ಜುವವರು ಯಾರಪ್ಪಾ ಅಂತ.

ಕಾಸ್‌ವೇ_ಕಲ್ಲು

ಒಂದು ಸಣ್ಣ ಸೇರ್ಪಡೆ. ಐರಿಷ್ ಅಂದರೆ ಮೂರು ಸಲ ಭಟ್ಟಿ ಇಳಿಸಿದ್ದು, ಹೊಗೆ ವಾಸನೆ ಇಲ್ಲದ್ದು ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ. ರೆಡ್‌ಬ್ರೆಸ್ಟ್ ಮೂರು ಸಲದ್ದೇ, ಬುಷ್‌ಮಿಲ್ಸ್ ಕೂಡ. ಆದರೆ ಅದು ಕಾನೂನು ಅಲ್ಲ. 1987ರಲ್ಲಿ ಜಾನ್ ಟೀಲಿಂಗ್ ಶುರು ಮಾಡಿದ ಕೂಲಿ ಅನ್ನುವ ಡಿಸ್ಟಿಲರಿಯಲ್ಲಿ ಎರಡೇ ಸಲ ಇಳಿಸಿದರು. ಅಲ್ಲಿಂದ ಬಂದ ಕನೆಮಾರಾ ವಿಸ್ಕಿ ಮೂಸಿದರೆ ಪೀಟ್ (ಮಾಲ್ಟ್ ಒಣಗಿಸಲು ಉರಿಸುವ, ಜವುಗು ನೆಲದಿಂದ ಅಗೆದ ಮಣ್ಣಿನಂಥ ಇಂಧನ) ಹೊಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಕಾನೂನು ಕೇಳುವುದು ಮುಖ್ಯವಾಗಿ ಈ ದ್ವೀಪದಲ್ಲೇ ಭಟ್ಟಿ ಇಳಿಸಿ, ಇಲ್ಲೇ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು ಅನ್ನುವುದು.

ಬುಷ್‌ಮಿಲ್ಸ್ ಬಾಟಲ್ ಮೇಲೆ 1608 ಅಂತ ನೋಡಿ ಅಷ್ಟು ಹಳೇ ಕಂಪನಿ ಅಂದುಕೊಳ್ಳಬೇಡಿ. ಆ ವರ್ಷ ಆ ಪ್ರದೇಶದಲ್ಲಿ ಭಟ್ಟಿ ಇಳಿಸಲು ರಾಜನ ಪರವಾನಗಿ ಸಿಕ್ಕಿದ್ದು. ಕಂಪನಿ ನೋಂದಣಿ ಆದದ್ದು 1784ರಲ್ಲಿ.

ಬಣ್ಣ ನೋಡಿ ಮರುಳಾಗಬೇಡಿ ಅಂತಲೂ ಹೇಳಬೇಕು. ಕ್ಯಾರಮೆಲ್ ಬಣ್ಣ ಹಾಕಲು ಇಲ್ಲಿ ಅನುಮತಿ ಇದೆ. ಲೋಟದ ಒಳಗೋಡೆಯಲ್ಲಿ ನಿಧಾನವಾಗಿ ಇಳಿಯುವ ಗೆರೆಗಳಿಂದಲೂ ಗುಣಮಟ್ಟ ಗೊತ್ತಾಗುವುದಿಲ್ಲ.

ಕಾಫಿ_ಹೂ

ನಾನು ವಿಸ್ಕಿ ಕುಡಿಯುವುದಿಲ್ಲ, ಮುಟ್ಟಿಯೂ ಇಲ್ಲ. ಆದರೂ ಇಲ್ಲಿ ತಲೆ ಹಾಕುತ್ತಿದ್ದೇನೆ, ಕ್ಷಮಿಸಿ. ಚಿಕ್ಕಮಗಳೂರಿನಲ್ಲಿ ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡಿ ಗುಣ ಹೇಳುವುದು, ನನ್ನ ಕೆಲಸ. ದಿನಾ ಬೆಳಿಗ್ಗೆ ಹತ್ತಾರು ಬಟ್ಟಲು ಸೊರ್ರ್ ಅಂತ ಹೀರಿ ಉಗುಳುವ ಕೆಲಸ, ಮನೆಯಲ್ಲಿ ಮಾಡಿದರೆ ಬೈಸಿಕೊಳ್ಳುವ ಥರದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಇದೇ ಗೋಳು. ಕೈಗೆ ಒಂದು ಪಟ್ಟಿ ಕೊಟ್ಟಿದ್ದರು, ಅದರಲ್ಲಿ ಬ್ಲೂಬೆರಿ, ಬ್ಲ್ಯಾಕ್‌ಕರಂಟ್. ನಾನು ಅವೆರಡನ್ನೂ ಜೀವನದಲ್ಲಿ ತಿಂದಿರಲಿಲ್ಲ. ಬಾಯಿಗೆ ಬಂದದ್ದು ನೇರಳೆಹಣ್ಣು. ನೇರಳೆ ಅಂತ ಬರೆದೆ. ಕಲಿಸುತ್ತಿದ್ದ ಹಿರಿಯರು ನೋಡಿ, ಸರಿಯಾಗಿದೆ, ಅಡ್ಡ ಹಾಕಬೇಡ ಅಂದರು. ಇನ್ನೊಬ್ಬರ ಪಟ್ಟಿ ಹಿಡಿದುಕೊಂಡು ಹುಡುಕಿದರೆ ಇರುವುದೂ ಸಿಗುವುದಿಲ್ಲ. ನಿಮಗೆ ಮಾರ್ಜಿಪಾನ್ ಸಿಗದೇ ಇರಬಹುದು, ಬಾದಾಮಿ ಹಲ್ವಾ ಸಿಗುತ್ತಾ ನೋಡಿ.

ನಮ್ಮ ಕಡೆ ಎರಡು ಪದ ಬಹಳ ಉಪಯೋಗಕ್ಕೆ ಬರುತ್ತವೆ. ಒಂದು ಒಗರು. ಎಳೇ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದು. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದರಲ್ಲಿ ಒಗರು ಬಂದೇ ಬರಬೇಕು, ಎಷ್ಟಿದೆ ಅನ್ನುವುದೇ ಪ್ರಶ್ನೆ. ಇನ್ನೊಂದು ಕಮಟು. ಹಳೇ ಕೊಬ್ಬರಿ ವಾಸನೆ ಬಂದರೆ ದೋಷ, ಹೊಸ ಕೊಬ್ಬರಿ ವಾಸನೆ ಬಂದರೆ ಓಕ್ ಮರದ್ದು. ಓಕ್‌ನಲ್ಲಿ ಲ್ಯಾಕ್ಟೋನ್ ಅಂತ ಇರುತ್ತದೆ, ಕೊಬ್ಬರಿ ಥರವೇ ವಾಸನೆ. ಅಮೆರಿಕದ ಓಕ್‌ನಲ್ಲಿ ಅದು ಜಾಸ್ತಿ.

ಬ್ಲೆಂಡ್ ಮಾಡುವವರು ಮೂಸುವಾಗ ವಿಸ್ಕಿಗೆ ನೀರು ಸೇರಿಸಿ ಶೇಕಡಾ 20ರ ಆಸುಪಾಸಿಗೆ ಇಳಿಸಿಕೊಳ್ಳುತ್ತಾರೆ. ಕುಡಿಯಲು ಅಲ್ಲ, ಮೂಸಲು. ಅಂದರೆ ನಿಮ್ಮದಕ್ಕೆ ಸಮ ಸಮ ನೀರು. ಪಕ್ಕದಲ್ಲಿ ಇನ್ನೊಂದು ಲೋಟದಲ್ಲಿ ಒಂದಿಷ್ಟು ಹಾಗೆ ಮಾಡಿ ಮೂಸಿ ನೋಡಿ, ಮೂಗಿಗೆ ಹೊಡೆತ ಬೀಳುವುದಿಲ್ಲ. ಮತ್ತೆ, ಒಂದೇ ಲೋಟ ಇಟ್ಟುಕೊಂಡರೆ ಯಾರಿಗೂ ಏನೂ ತಿಳಿಯುವುದಿಲ್ಲ. ಎರಡು ಇದ್ದರೆ ಮಾತ್ರ ವ್ಯತ್ಯಾಸ ಮಾತಾಡುತ್ತದೆ. ನಾವು ಒಂದೇ ಬಟ್ಟಲು ಇಟ್ಟು ಕಪ್ಪಿಂಗ್ ಮಾಡುವುದೇ ಇಲ್ಲ.

ಬೇವುಬೆಲ್ಲ

ಕುಡಿಯದವರೇ ಎಲ್ಲರಿಗಿಂತ ಚೆನ್ನಾಗಿ ಹೇಳಿದರು. ನೇರಳೆಹಣ್ಣಿಗೆ ಶರಣು.

ಇನ್ನೊಂದು ಒಪ್ಪಿಕೊಳ್ಳುತ್ತೇನೆ. ಆ ಚೀಟಿ ಪರೀಕ್ಷೆಯಲ್ಲಿ ಜೇಮ್ಸನ್‌ಗೆ ಓಟು ಹಾಕಿದ ಇಬ್ಬರಲ್ಲಿ ನಾನೂ ಒಬ್ಬ. ಬಿರಿಯಾನಿ ತಿಂದು ಅರ್ಧ ಗಂಟೆಯೂ ಆಗಿರಲಿಲ್ಲ. ಕಾಕಾ ಹೇಳಿದ ಎರಡು ಗಂಟೆ ಲೆಕ್ಕ ಓದಿದ ಮೇಲೆ ನನ್ನ ತೀರ್ಪಿನ ಮೇಲೆ ನನಗೇ ಅನುಮಾನ ಶುರುವಾಗಿದೆ.

ಏಳನೇ_ಮುಖ್ಯರಸ್ತೆ

ಬೆಂಗಳೂರಿನಿಂದ. ಭಾವನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹೊರದೇಶದಿಂದ ಬರುವವರು ಸುಂಕವಿಲ್ಲದೆ 2 ಲೀಟರ್ ತರಬಹುದು, 700 ಎಂಎಲ್‌ನ ಎರಡು ಬಾಟಲ್ ಆರಾಮಾಗಿ ಬರುತ್ತದೆ. ಚೆಕ್ ಇನ್ ಸೂಟ್‌ಕೇಸಿನಲ್ಲಿ ಪಂಚೆ ಸುತ್ತಿ ಇಡಿ. ಮನೆಗೆ ಬಂದ ಮೇಲೆ ಬಾಟಲ್ ನಿಲ್ಲಿಸಿಯೇ ಇಡಬೇಕು, ವೈನ್ ಥರ ಮಲಗಿಸಿದರೆ ಆಲ್ಕೋಹಾಲ್ ತಗುಲಿ ಕಾರ್ಕ್ ಹಾಳಾಗುತ್ತದೆ.

ಆದರೆ ಭಾವ ಕೇಳುವ ಮೊದಲ ಪ್ರಶ್ನೆ "ಎಷ್ಟು ವರ್ಷದ್ದು?" ಅಲ್ವಾ. ಅದಕ್ಕೆ ಉತ್ತರ ತಯಾರಿಟ್ಟುಕೊಳ್ಳಿ. ಐರ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಅದಕ್ಕೆ ದೇವತೆಗಳ ಪಾಲು ಅಂತ ಹೆಸರು. 12 ವರ್ಷ ಇಟ್ಟರೂ ಮುಕ್ಕಾಲಿಗಿಂತ ಜಾಸ್ತಿ ಉಳಿಯುತ್ತದೆ. ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ದೇವತೆಗಳು ವರ್ಷಕ್ಕೆ ಶೇಕಡಾ 10ರಿಂದ 12 ಕುಡಿಯುತ್ತಾರೆ. 12 ವರ್ಷ ಇಟ್ಟರೆ ಕಾಲು ಭಾಗ ಉಳಿದರೆ ಪುಣ್ಯ. ಅದಕ್ಕೇ ಅವರು ಎಂಟು ವರ್ಷ ಇಟ್ಟದ್ದಕ್ಕೆ ಗ್ರೀಡಿ ಏಂಜಲ್ಸ್ ಅಂತ ಹೆಸರಿಟ್ಟರು, ದುರಾಸೆಯ ದೇವತೆಗಳು. ಇಲ್ಲಿ ಎಲ್ಲವೂ ಬೇಗ ಹಣ್ಣಾಗುತ್ತದೆ, ಮರದ ರುಚಿಯೂ ಬೇಗ ಹಿಡಿಯುತ್ತದೆ. ಹಾಗಾಗಿ ಅಲ್ಲಿಯ 12ಕ್ಕೂ ಇಲ್ಲಿಯ 5ಕ್ಕೂ ವರ್ಷ ಎಣಿಸಿ ಜಗಳ ಆಡುವುದು ದಂಡ. ಕೈಲಾದರೆ ಅಮೃತ್ ಫ್ಯೂಶನ್ ಒಂದು ತಂದು ಪಕ್ಕದಲ್ಲಿಟ್ಟು ಕುಡಿಸಿ. ಅದರಲ್ಲಿ ಸ್ವಲ್ಪ ಪೀಟ್ ಹೊಗೆ ಇದೆ, ರೆಡ್‌ಬ್ರೆಸ್ಟ್‌ನಲ್ಲಿ ಇಲ್ಲ. ಭಾವನಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಕಾರ್ಕ್_ಕಾಕಾ

ಬೆಲೆ ಬಗ್ಗೆ ಒಂದು ಮಾತು. 70 ಯೂರೋ ಜಾಸ್ತಿ ಅನ್ನಿಸುತ್ತದೆ ಸರಿ. ಆದರೆ ಇಲ್ಲಿ 2022ರ ಜನವರಿಯಿಂದ ಕನಿಷ್ಠ ಬೆಲೆ ಕಾನೂನು ಇದೆ, ಒಂದು ಗ್ರಾಂ ಆಲ್ಕೋಹಾಲ್‌ಗೆ 10 ಸೆಂಟ್. ಶೇಕಡಾ 40ರ 700 ಎಂಎಲ್ ಬಾಟಲ್ ಯಾವುದೇ ಆಗಲಿ 22 ಯೂರೋಗಿಂತ ಕೆಳಗೆ ಮಾರುವಂತಿಲ್ಲ. ಆ ಲೆಕ್ಕದಲ್ಲಿ ನೋಡಿದರೆ ಹನ್ನೆರಡು ವರ್ಷ ಕಾಯ್ದದ್ದಕ್ಕೆ, ಷೆರ್ರಿ ಪೀಪಾಯಿಗೆ ನೀನು ಕೊಡುವುದು ಉಳಿದ 48 ಯೂರೋ. ನನಗೆ ಅದು ಸರಿ ಅನ್ನಿಸುತ್ತದೆ. ದಿನಾ ಕುಡಿಯಲು ಸರಿ ಅಲ್ಲ, ನಾನೂ ವರ್ಷಕ್ಕೆ ಒಂದೇ ತರುವುದು. ಇದರಲ್ಲೇ ಕಾಸ್ಕ್ ಸ್ಟ್ರೆಂಗ್ತ್ ಅಂತ ಇನ್ನೊಂದು ಬರುತ್ತದೆ, ಪೀಪಾಯಿಯಿಂದ ಬಂದ ಗಟ್ಟಿಯಲ್ಲೇ ತುಂಬಿಸಿದ್ದು. ಈಗಲೇ ಅದಕ್ಕೆ ಕೈ ಹಾಕಬೇಡ, ಉರಿ ಅಂತ ಇನ್ನೊಂದು ಪುಟ ಬರೆಯುತ್ತೀ.

ಕಾಫಿಯಮ್ಮ ಹೇಳಿದ್ದು ನೂರಕ್ಕೆ ನೂರು. ಜೇಮ್ಸನ್‌ನ ಚಿಕ್ಕ ಬಾಟಲ್ ಒಂದು ತಾ, ಪಕ್ಕದಲ್ಲಿಡು.

ಮಂಡಕ್ಕಿ_ಮಿರ್ಚಿ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಶನಿವಾರ ಮಾಡಿ ನೋಡಿದೆ, ಅದಕ್ಕೇ ತಡ.

ಜೇಮ್ಸನ್ ಚಿಕ್ಕ ಬಾಟಲ್ ತಂದೆ. ಮಧ್ಯಾಹ್ನ ಮೊಸರನ್ನ, ಸಂಜೆವರೆಗೆ ಏನೂ ಖಾರ ಇಲ್ಲ. ಎರಡು ವೈನ್ ಗ್ಲಾಸ್, ಅಡಿಗೆ ಚೀಟಿ. ಯಾವುದು ಯಾವುದೆಂದು ನನಗೆ ತಿಳಿಯದ ಹಾಗೆ ನನ್ನ ರೂಮ್‌ಮೇಟ್ ಸುರಿದು ಕೊಟ್ಟ. ಅವನು ಕುಂದಾಪುರದವನು, ಕುಡಿಯುವುದಿಲ್ಲ, "ನಿಂಗೆ ಮರ್ಲಾ ಮಾರಾಯ" ಅಂದ. ಹದಿನೈದು ನಿಮಿಷ ಕಾಯುವುದು ನಿಜಕ್ಕೂ ಕಷ್ಟ, ನಡುವೆ ಎರಡು ಸಲ ಫೋನ್ ತೆಗೆದೆ.

ಮೂಸಿದಾಗ ಎಡಗಡೆಯದು ಹಗುರ, ಸ್ವಲ್ಪ ವೆನಿಲ್ಲಾ, ಹಸಿರು ಸೇಬು. ಬಲಗಡೆಯದನ್ನು ಮೂಸಿದ ಮೂರನೇ ಸಲಕ್ಕೆ ಒಂದು ನೆನಪಾಯಿತು. ನಮ್ಮ ಅತ್ತಿಗೆಯ ಬಾಣಂತನದಲ್ಲಿ ಅಮ್ಮ ಅಂಟಿನುಂಡೆ ಮಾಡಿ ದೊಡ್ಡ ಡಬ್ಬಿಯಲ್ಲಿ ಇಟ್ಟಿದ್ದರು, ನಾನು ಕದ್ದು ತಿನ್ನುತ್ತಿದ್ದೆ. ಆ ಡಬ್ಬಿಯ ಮುಚ್ಚಳ ತೆಗೆದಾಗ ಬರುವ ವಾಸನೆ. ಉತ್ತತ್ತಿ, ಕೊಬ್ಬರಿ, ಬೆಲ್ಲ, ತುಪ್ಪ. ನೆಟ್‌ನವರ ಕ್ರಿಸ್‌ಮಸ್ ಕೇಕ್ ಇದೇ ಅಂತ ಕಾಣುತ್ತದೆ. ಬಾಯಲ್ಲಿಟ್ಟು ಅಗಿದೆ, ಕಾಕಾ. ಜಿಡ್ಡು ಗೊತ್ತಾಯಿತು. ಎಡಗಡೆಯದು ನುಂಗಿದ ಕೂಡಲೇ ಹೋಯಿತು, ಬಲಗಡೆಯದು ದವಡೆ ಪಕ್ಕದಲ್ಲಿ ಕೂತೇ ಇತ್ತು. ಉರಿ ಅಂತ ಬರೆದಿದ್ದೆನಲ್ಲ, ಎರಡನೆಯದು ಉರಿ ಅಲ್ಲ, ಒಣಶುಂಠಿ. ಕೊನೆಗೆ ಒಂಚೂರು ಒಗರು.

ಖುಷಿಯಲ್ಲಿ ಬಲಗಡೆಯದೇ ರೆಡ್‌ಬ್ರೆಸ್ಟ್ ಅಂತ ಘೋಷಿಸಿದೆ, ಚೀಟಿ ನೋಡಿದೆ, ಸರಿಯಾಗಿತ್ತು. ಆದರೆ ರೂಮ್‌ಮೇಟ್ ಸುಮ್ಮನಿರದೆ ಎರಡಕ್ಕೂ ನೀರು ಹಾಕಿ ಅದಲು ಬದಲು ಮಾಡಿ ಮತ್ತೆ ಕೊಟ್ಟ. ಎರಡನೇ ಸಲ ಜೇಮ್ಸನ್ನನ್ನೇ ರೆಡ್‌ಬ್ರೆಸ್ಟ್ ಅಂದೆ. ಬೇವುಬೆಲ್ಲ ಸರ್ ನಗಬಹುದು.

ಬೆಳಿಗ್ಗೆ ಎದ್ದಾಗ ಎರಡೂ ಗ್ಲಾಸ್ ತೊಳೆದು ಬೋರಲು ಹಾಕಿದ್ದವು, ಅದೂ ಅವನದೇ ಕೆಲಸ. ಖಾಲಿ ಲೋಟದ ವಾಸನೆ ಈ ಶನಿವಾರಕ್ಕೆ. ಭಾವನಿಗೆ ಒಂದು ಬಾಟಲ್ ಒಯ್ಯುತ್ತೇನೆ, ಅಮ್ಮನಿಗೆ ಫೋನ್ ಮಾಡಿ ಅಂಟಿನುಂಡೆ ಮಾಡಿಡಲು ಹೇಳಿದ್ದೇನೆ, ಯಾಕೆ ಅಂತ ಹೇಳಿಲ್ಲ.